ಮುಳ್ಳು ನಿಂತಿತ್ತು, ನೀರು ನಿಂತಿರಲಿಲ್ಲ: ಒಂದು ಚೆಕ್ ವಾಲ್ವ್ ಪ್ರಕರಣ

ಹಿನ್ನೆಲೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಮಧ್ಯಮ ಗಾತ್ರದ ನಗರವೊಂದರಲ್ಲಿ ನಡೆದ ಪ್ರಕರಣ ಇದು. ಕಟ್ಟಡದ ನೀರು ನಗರದ ಕೊಳವೆಗೆ ಹಿಂದೆ ಹರಿಯದಂತೆ ತಡೆಯುವ ಸಾಧನವೊಂದು ರಾತ್ರಿ ಹೊತ್ತು ಸೋರುತ್ತಿತ್ತು. ಕಟ್ಟಡಕ್ಕೆ ಮೂರು ಅಂತಸ್ತು. ಕೆಳಗೆ ಹೊರರೋಗಿಗಳ ಚಿಕಿತ್ಸಾಲಯ, ಮೇಲೆ ರಕ್ತ ಮತ್ತು ಮೂತ್ರ ಪರೀಕ್ಷೆಯ ಪ್ರಯೋಗಾಲಯ, ಹಿಂಬದಿಯಲ್ಲಿ ವಾಟರ್ ಹೀಟರ್ ಮತ್ತು ಸಣ್ಣದೊಂದು ಬಾಯ್ಲರ್ ಇರುವ ಯಂತ್ರಕೋಣೆ. ಮಾಲೀಕರು, ಗುತ್ತಿಗೆದಾರರು, ಪರೀಕ್ಷಕರು ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಒತ್ತಡದ ಅಂಕಿಗಳನ್ನು ಮಾತ್ರ ಮುಟ್ಟಿಲ್ಲ, ಪ್ರಕರಣ ಇರುವುದೇ ಅವುಗಳಲ್ಲಿ. ಕಟ್ಟಡದ ವ್ಯವಸ್ಥಾಪಕರಿಗೂ ಪ್ಲಂಬಿಂಗ್ ಗುತ್ತಿಗೆದಾರರಿಗೂ ಬಿಲ್ಲಿನ ತಕರಾರು ಎದ್ದ ಮೇಲೆ, ಮೂರನೆಯವರ ಅಭಿಪ್ರಾಯ ಬೇಕೆಂದು ನನ್ನನ್ನು ಕರೆದರು. ಆ ಹೊತ್ತಿಗೆ ಎರಡು ರಿಪೇರಿಗಳು ಮುಗಿದಿದ್ದವು, ಸೋರಿಕೆ ಮುಗಿದಿರಲಿಲ್ಲ.

ನಗರದ ಕೊಳವೆಯಿಂದ ಕಟ್ಟಡದೊಳಕ್ಕೆ ಬಂದ ನೀರು ಮತ್ತೆ ಆ ಕೊಳವೆಗೆ ಮರಳಬಾರದು. ಮರಳುವುದಕ್ಕೆ ಎರಡು ದಾರಿಗಳಿವೆ. ರಸ್ತೆಯ ಮುಖ್ಯ ಕೊಳವೆ ಒಡೆದೋ, ಬೆಂಕಿ ನಂದಿಸಲು ಒಮ್ಮೆಗೇ ಅಪಾರ ನೀರು ಎಳೆದೋ ಅಲ್ಲಿ ಒತ್ತಡ ಕುಸಿದರೆ ಕಟ್ಟಡದ ನೀರು ಹಿಂದಕ್ಕೆ ಹೀರಲ್ಪಡುತ್ತದೆ. ಕಟ್ಟಡದೊಳಗಿನ ಪಂಪು, ಬಾಯ್ಲರ್ ಅಥವಾ ಹೀಟರ್ ನಗರದ ಒತ್ತಡಕ್ಕಿಂತ ಹೆಚ್ಚು ಒತ್ತಡ ಹುಟ್ಟಿಸಿದರೆ ನೀರು ಹಿಂದಕ್ಕೆ ತಳ್ಳಲ್ಪಡುತ್ತದೆ. ಟೆಕ್ಸಾಸ್‌ನಲ್ಲಿ ಇದು ಪುಸ್ತಕದ ಭಯವಲ್ಲ. 2016ರ ಡಿಸೆಂಬರ್‌ನಲ್ಲಿ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ, ಕೈಗಾರಿಕಾ ಪ್ರದೇಶವೊಂದರಿಂದ ಡಾಂಬರಿಗೆ ಬೆರೆಸುವ ರಾಸಾಯನಿಕ ಹಿಮ್ಮುಖವಾಗಿ ಕುಡಿಯುವ ನೀರಿನ ಜಾಲಕ್ಕೆ ಸೇರಿರಬಹುದು ಎಂಬ ಶಂಕೆಯ ಮೇಲೆ, ನಲ್ಲಿಯ ನೀರನ್ನು ಮುಟ್ಟಲೇಬೇಡಿ ಎಂದು ಸುಮಾರು 3 ಲಕ್ಷ ಜನರಿಗೆ ಆದೇಶ ಹೊರಟಿತ್ತು. ಅದು ಪೂರ್ತಿ ತೆರವಾಗಲು ನಾಲ್ಕು ದಿನ ಹಿಡಿಯಿತು. ಕುದಿಸಿ ಕುಡಿದರೂ ಆಗದು ಎನ್ನುವ ಸ್ಥಿತಿ ಅದು.

ಪ್ರಯೋಗಾಲಯ ಇರುವ ಕಟ್ಟಡವನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಡುತ್ತಾರೆ. ಅಲ್ಲಿ ಹಿಮ್ಮುಖ ಹರಿವನ್ನು ತಡೆಯಲು ಆರ್‌ಪಿ (ರೆಡ್ಯೂಸ್ಡ್ ಪ್ರೆಶರ್) ಎಂದು ಎಲ್ಲರೂ ಕರೆಯುವ ಸಾಧನವೇ ಬೇಕು. ವರ್ಷಕ್ಕೊಮ್ಮೆ ಪರವಾನಗಿ ಪಡೆದ ಪರೀಕ್ಷಕರು ಅದನ್ನು ಪರೀಕ್ಷಿಸಿ ನೀರು ಸರಬರಾಜು ಇಲಾಖೆಗೆ ವರದಿ ಕಳುಹಿಸಬೇಕು. ಪರೀಕ್ಷೆಗೆ ಬಳಸುವ, ಎರಡು ಕಡೆಯ ಒತ್ತಡಗಳ ಅಂತರ ತೋರಿಸುವ ಗೇಜಿನ ನಿಖರತೆಯನ್ನೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿರಬೇಕು.

ಆರ್‌ಪಿಯಲ್ಲಿ ಸಾಲಾಗಿ ಎರಡು ಚೆಕ್ ವಾಲ್ವ್‌ಗಳು (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್‌ಗಳು), ಅವುಗಳ ನಡುವೆ ಒಂದು ನಡುಕೋಣೆ, ಆ ನಡುಕೋಣೆಯ ಅಡಿಯಲ್ಲಿ ಹೊರಗಾಳಿಗೆ ತೆರೆಯುವ ರಿಲೀಫ್ ವಾಲ್ವ್. ಎರಡೂ ತುದಿಗೆ ಒಂದೊಂದು ಶಟ್‌ಆಫ್ ವಾಲ್ವ್. ಗೇಜಿನ ಹೋಸ್ ಸಿಕ್ಕಿಸಲು ನಾಲ್ಕು ಟೆಸ್ಟ್ ಕಾಕ್‌ಗಳು: ಒಂದನೆಯದು ಮೊದಲ ಶಟ್‌ಆಫ್‌ಗೂ ಮುಂಚೆ, ಎರಡನೆಯದು ಮೊದಲ ಶಟ್‌ಆಫ್ ಆದ ಮೇಲೆ, ಮೊದಲ ಚೆಕ್ ವಾಲ್ವ್‌ಗೆ ಮುಂಚೆ, ಮೂರನೆಯದು ನಡುಕೋಣೆಯಲ್ಲಿ, ನಾಲ್ಕನೆಯದು ಎರಡನೆಯ ಚೆಕ್ ವಾಲ್ವ್ ದಾಟಿದ ಮೇಲೆ. ಮೊದಲ ಚೆಕ್ ವಾಲ್ವ್‌ನ ಸ್ಪ್ರಿಂಗ್ ಗಟ್ಟಿಯಾದುದರಿಂದ ಅದನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ನೀರು ಏಳೆಂಟು ಪಿಎಸ್‌ಐ (ಚದರ ಇಂಚಿಗೆ ಪೌಂಡ್ ಲೆಕ್ಕದ) ಒತ್ತಡವನ್ನು ಕಳೆದುಕೊಳ್ಳುತ್ತದೆ. ಹೀಗೆ ನಡುಕೋಣೆಯ ಒತ್ತಡ ಯಾವಾಗಲೂ ನಗರದ ಒತ್ತಡಕ್ಕಿಂತ ಕೆಳಗೇ ಇರುತ್ತದೆ. ಯಾವ ಕಾರಣಕ್ಕಾದರೂ ಈ ಅಂತರ ಕುಗ್ಗುತ್ತ ಬಂದರೆ, 2 ಪಿಎಸ್‌ಐಗಿಂತ ಕೆಳಗಿಳಿಯುವ ಮುನ್ನ ರಿಲೀಫ್ ವಾಲ್ವ್ ತೆರೆದು ನಡುಕೋಣೆಯ ನೀರನ್ನು ನೆಲಕ್ಕೆ ಚೆಲ್ಲಬೇಕು. ಚೆಲ್ಲುವುದು ದೋಷವಲ್ಲ, ಒಳಗೆಲ್ಲೋ ದೋಷವಿದೆ ಎನ್ನುವ ಸೂಚನೆ. ಈ ಪ್ರಕರಣದಲ್ಲಿ ಎಲ್ಲರೂ ಆ ಸೂಚನೆಯನ್ನು ಕಂಡಿದ್ದರು. ಅದನ್ನು ಓದಿದ ರೀತಿಯಲ್ಲಿ ಗೊಂದಲವಿತ್ತು.

ದೂರು, ಎರಡು ರಿಪೇರಿ, ಒಂದು ಕೆಟ್ಟ ಸಲಹೆ

ಇಲ್ಲಿನ ಆರ್‌ಪಿ 2 ಇಂಚಿನದು. ನಗರದ ಒತ್ತಡ 62 ಪಿಎಸ್‌ಐ, ನಮ್ಮ ಪ್ಲಂಬರುಗಳ ಲೆಕ್ಕದಲ್ಲಿ ಸುಮಾರು 4.4 ಕೆಜಿ. ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲವೂ ಚೊಕ್ಕವಾಗಿತ್ತು. ರಿಲೀಫ್ ವಾಲ್ವ್ ತೆರೆದದ್ದು 2.6ಕ್ಕೆ, ಮೊದಲ ಚೆಕ್ ವಾಲ್ವ್‌ನ ಅಂತರ 8.2, ಎರಡನೆಯದರ ಮುಂದೆ ‘ಬಿಗಿಯಾಗಿದೆ’ ಎಂಬ ಗುರುತು. ಷರಾ ಕಾಲಂ ಖಾಲಿ.

ಕೆಲವು ವಾರಗಳ ನಂತರ ಬೆಳಗಿನ ಪಾಳಿಯವರು ಯಂತ್ರಕೋಣೆಯ ನೆಲ ಒದ್ದೆಯಾಗಿರುವುದನ್ನು ಗಮನಿಸತೊಡಗಿದರು. ಹಗಲಿನಲ್ಲಿ ಒಂದು ಹನಿಯೂ ಇಲ್ಲ, ರಾತ್ರಿ ಮಾತ್ರ ರಿಲೀಫ್ ವಾಲ್ವ್ ಚೆಲ್ಲುತ್ತಿತ್ತು. ಗುತ್ತಿಗೆದಾರರ ಪ್ಲಂಬರ್ ಬಂದು ಮೊದಲ ಚೆಕ್ ವಾಲ್ವ್ ಬಿಚ್ಚಿ ರಬ್ಬರ್ ಕಿಟ್ ಬದಲಿಸಿದರು. ಆ ತೀರ್ಮಾನವನ್ನು ಹಗುರವಾಗಿ ಕಾಣಬಾರದು. ಯಾರೂ ನೀರು ಬಳಸದ ಹೊತ್ತಿನಲ್ಲಿ ಆರ್‌ಪಿ ಚೆಲ್ಲುತ್ತಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಮೊದಲ ಚೆಕ್ ವಾಲ್ವ್‌ನಲ್ಲಿ ಸಿಕ್ಕಿಕೊಂಡ ಕಸವೇ. ಅದು ಪೂರ್ತಿ ಮುಚ್ಚದಿದ್ದರೆ ನಗರದ ಒತ್ತಡ ನಿಧಾನವಾಗಿ ನಡುಕೋಣೆಗೆ ನುಸುಳುತ್ತದೆ, ಅಂತರ ಕುಗ್ಗುತ್ತದೆ, ರಿಲೀಫ್ ವಾಲ್ವ್ ತೆರೆಯುತ್ತದೆ. ಹಗಲಿನಲ್ಲಿ ನೀರು ಹರಿಯುತ್ತಲೇ ಇರುವುದರಿಂದ ನಡುಕೋಣೆಯಲ್ಲಿ ಒತ್ತಡ ಕೂಡಿಕೊಳ್ಳಲು ಅವಕಾಶವಿರುವುದಿಲ್ಲ. ಹಗಲು ಒಣ, ರಾತ್ರಿ ಒದ್ದೆ ಎನ್ನುವ ಲಕ್ಷಣ ಈ ವಿವರಣೆಗೆ ಸರಿಯಾಗಿ ಹೊಂದುತ್ತಿತ್ತು.

ರಬ್ಬರ್ ಬದಲಾಯಿತು. ಮರುಪರೀಕ್ಷೆಯಲ್ಲಿ ಮೊದಲ ಚೆಕ್ ವಾಲ್ವ್ 8.4 ತೋರಿಸಿತು. ರಾತ್ರಿ ಮತ್ತೆ ಚೆಲ್ಲಿತು.

ಆಗ ರಾತ್ರಿ ಪಾಳಿಯ ನಿರ್ವಹಣಾ ಸಿಬ್ಬಂದಿಯೊಬ್ಬರು ಬುದ್ಧಿವಂತಿಕೆಯ ಎರಡು ಪ್ರಯೋಗಗಳನ್ನು ಮಾಡಿದರು. ರಿಲೀಫ್ ವಾಲ್ವ್ ಚೆಲ್ಲುತ್ತಿರುವಾಗಲೇ ಕೆಳಮಹಡಿಯ ನಲ್ಲಿಯೊಂದನ್ನು ತೆರೆದರು, ಚೆಲ್ಲುವುದು ನಿಂತಿತು. ಇನ್ನೊಮ್ಮೆ ಎರಡನೆಯ ಶಟ್‌ಆಫ್ ವಾಲ್ವ್ ಮುಚ್ಚಿ ನೋಡಿದರು, ಚೆಲ್ಲುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ದೋಷ ಹುಡುಕುವ ಯಾವ ಕೋಷ್ಟಕವನ್ನು ನೋಡಿದರೂ ಈ ಎರಡು ಉತ್ತರಗಳು ಒಂದೇ ಕಡೆ ಬೆರಳು ತೋರಿಸುತ್ತವೆ. ಎರಡನೆಯ ಶಟ್‌ಆಫ್ ಮುಚ್ಚಿದಾಗ ಚೆಲ್ಲುವುದು ನಿಂತರೆ ಕಟ್ಟಡದ ಕಡೆಯ ಒತ್ತಡ ಎರಡನೆಯ ಚೆಕ್ ವಾಲ್ವ್ ಮೂಲಕ ಹಿಂದೆ ಬರುತ್ತಿದೆ ಎಂದರ್ಥ. ನಿಲ್ಲದಿದ್ದರೆ ದೋಷ ಮೊದಲ ಚೆಕ್ ವಾಲ್ವ್‌ನಲ್ಲೋ ರಿಲೀಫ್ ವಾಲ್ವ್‌ನಲ್ಲೋ ಇದೆ. ಮೊದಲನೆಯದನ್ನು ಆಗಲೇ ಬದಲಿಸಿದ್ದರು, ಉಳಿದದ್ದು ರಿಲೀಫ್ ವಾಲ್ವ್. ಅದರ ಡಯಾಫ್ರಮ್, ಸೀಟಿನ ರಬ್ಬರ್ ಎಲ್ಲ ಹೊಸದಾಯಿತು. ಮತ್ತೆ ಪರೀಕ್ಷೆ, ಮತ್ತೆ ಪಾಸ್, ಮತ್ತೆ ಒದ್ದೆ ನೆಲ.

ಇಷ್ಟರಲ್ಲಿ ಗೇಜಿನ ಮೇಲೂ ಅನುಮಾನ ಬಂತು. ಬೇರೆ ಗೇಜ್ ತಂದು ನೋಡಿದರೂ ಅಂಕಿಗಳು ಹೆಚ್ಚು ಕಡಿಮೆ ಅವೇ ಬಂದವು. ಗುತ್ತಿಗೆದಾರರು ಇಡೀ ಆರ್‌ಪಿಯನ್ನೇ ಬದಲಿಸಬೇಕು ಎಂದು ಅಂದಾಜು ಪಟ್ಟಿ ಕೊಟ್ಟರು. ವ್ಯವಸ್ಥಾಪಕರು ಹಿಂದಿನ ಎರಡು ಬಿಲ್ಲುಗಳನ್ನೇ ಕೊಡುವುದಿಲ್ಲ ಎಂದರು. ಯಾರೋ ರಿಲೀಫ್ ವಾಲ್ವ್‌ನ ಬಾಯಿಗೆ ಒಂದು ಪ್ಲಗ್ ತಿರುಗಿಸಿಬಿಟ್ಟರೆ ಮುಗಿಯಿತಲ್ಲ ಎಂದೂ ಹೇಳಿದರಂತೆ.

ಈ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದನ್ನು ನಾನು ಕೇಳಿದ್ದು ಇದೇ ಮೊದಲಲ್ಲ. ರಿಲೀಫ್ ವಾಲ್ವ್‌ನ ಬಾಯಿ ಮುಚ್ಚಿದರೆ ಆರ್‌ಪಿ ಬರೀ ಎರಡು ಚೆಕ್ ವಾಲ್ವ್‌ಗಳ ಜೋಡಣೆಯಾಗುತ್ತದೆ, ಅದೂ ಒಂದು ಕೆಟ್ಟಿದೆಯೆಂದು ಗೊತ್ತಿರುವ ಜೋಡಣೆ. ಆ ಬಾಯಿಯನ್ನು ಚರಂಡಿಯ ಕೊಳವೆಗೆ ನೇರವಾಗಿ ಜೋಡಿಸುವುದಕ್ಕೂ ಅವಕಾಶವಿಲ್ಲ. ನಡುವೆ ಕಣ್ಣಿಗೆ ಕಾಣುವ ಗಾಳಿಯ ಅಂತರ ಇರಲೇಬೇಕು. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರು ಸಂಪ್‌ಗೆ ಬೀಳುವ ಜಾಗದಲ್ಲಿ ಇರುವುದೂ ಇದೇ ಅಂತರ. ಕೊಳವೆಯ ಬಾಯಿ ಸಂಪ್‌ನ ನೀರಿನ ಮಟ್ಟಕ್ಕಿಂತ ಮೇಲೆ ಇರುವವರೆಗೆ ಅದಕ್ಕಿಂತ ನಂಬಿಕಸ್ಥ ತಡೆ ಇನ್ನೊಂದಿಲ್ಲ, ರಬ್ಬರ್ ಬೇಡ, ಸ್ಪ್ರಿಂಗ್ ಬೇಡ. ಬಾಯಿ ನೀರಿನಲ್ಲಿ ಮುಳುಗಿ, ಅದೇ ರಸ್ತೆಯಲ್ಲಿ ಯಾರೋ ಕೊಳವೆಗೆ ನೇರ ಮೋಟರ್ ಹಚ್ಚಿ ಎಳೆದರೆ ಸಂಪ್‌ನ ನೀರು ಹಿಂದಕ್ಕೆ ಹೊರಡುತ್ತದೆ. ಆ ವಿಷಯ ಬೇರೆಯದೇ ಲೇಖನ ಬೇಡುತ್ತದೆ.

ಮಾತಿನಲ್ಲಿ ಸಿಕ್ಕ ಸುಳಿವು

ನಾನು ಮೊದಲು ಮಾಡಿದ್ದು ವರದಿಗಳನ್ನು ಓದುವ ಕೆಲಸ. ಮೂರೂ ವರದಿಗಳು ನೀಟಾಗಿದ್ದವು, ಅದೇ ನನಗೆ ಇರಿಸುಮುರಿಸಾಯಿತು. ಚೆಲ್ಲುವ ಸಾಧನವೊಂದು ಪ್ರತಿಸಲವೂ ಪಾಸಾಗುತ್ತಿದೆ ಎಂದರೆ ಒಂದೋ ದೋಷ ಪರೀಕ್ಷೆಯ ಹೊತ್ತಿನಲ್ಲಿ ಇರುವುದಿಲ್ಲ, ಇಲ್ಲವೇ ಪರೀಕ್ಷೆ ದೋಷವನ್ನು ಕಾಣದ ಹಾಗೆ ನಡೆಯುತ್ತಿದೆ.

ಪ್ಲಂಬರ್ ಜೊತೆ ಫೋನಿನಲ್ಲಿ ಮಾತನಾಡುವಾಗ ವರದಿಯಲ್ಲಿ ಇಲ್ಲದ ಎರಡು ಸಂಗತಿಗಳು ಹೊರಬಿದ್ದವು. ಒಂದು, ಚಿಕಿತ್ಸಾಲಯ ಮುಚ್ಚುವಂತಿಲ್ಲದ ಕಾರಣ ಪರೀಕ್ಷೆಗಳೆಲ್ಲ ಕೆಲಸದ ದಿನ, ಕೆಲಸದ ಹೊತ್ತಿನಲ್ಲೇ ನಡೆದಿದ್ದವು. ಕಟ್ಟಡಕ್ಕೆ ಇರುವುದು ಒಂದೇ ಆರ್‌ಪಿ, ಪಕ್ಕದಲ್ಲಿ ಬದಲಿ ಸಾಲು ಇಲ್ಲ. ಇಪ್ಪತ್ತು ನಿಮಿಷ ನೀರು ಬರುವುದಿಲ್ಲ ಎಂದು ಹೇಳಿ ಶಟ್‌ಆಫ್ ಮುಚ್ಚುತ್ತಿದ್ದರು. ಹಾಗೆ ಹೇಳಿದರೂ ಮೇಲೆ ಯಾರಾದರೂ ನಲ್ಲಿ ತಿರುಗಿಸಿಯೇ ತಿರುಗಿಸುತ್ತಾರೆ. ಎರಡು, ರಿಲೀಫ್ ವಾಲ್ವ್ ತೆರೆಯುವ ಬಿಂದುವನ್ನು ಹಿಡಿಯಲು ಗೇಜಿನ ಗುಂಡಿಯನ್ನು ಎಂದಿಗಿಂತ ಹೆಚ್ಚು ತಿರುಗಿಸಬೇಕಾಯಿತು ಎಂದು ಅವರು ಮಾತಿನ ನಡುವೆ ಹೇಳಿದರು. ಸಾಮಾನ್ಯವಾಗಿ ಕಾಲು ಸುತ್ತು ಸಾಕು. ಎರಡನೆಯ ಟೆಸ್ಟ್ ಕಾಕ್‌ನಿಂದ ಗೇಜಿನ ಮೂಲಕ ನಡುಕೋಣೆಗೆ ಸ್ವಲ್ಪ ನೀರು ಬಿಟ್ಟರೆ ಅಲ್ಲಿನ ಒತ್ತಡ ಏರುತ್ತದೆ, ಅಂತರ ಇಳಿಯುತ್ತದೆ. ಕಾಲು ಸುತ್ತಿನಲ್ಲಿ ಆಗದಿದ್ದರೆ ನಡುಕೋಣೆಗೆ ಬಿಟ್ಟ ನೀರು ಇನ್ನೆಲ್ಲೋ ಹೋಗುತ್ತಿದೆ. ಹೋಗಲು ಇರುವುದು ಒಂದೇ ದಾರಿ: ಎರಡನೆಯ ಚೆಕ್ ವಾಲ್ವ್ ದಾಟಿ, ಮುಚ್ಚಿದ್ದೇವೆಂದುಕೊಂಡ ಎರಡನೆಯ ಶಟ್‌ಆಫ್ ವಾಲ್ವ್‌ನ ಸಂದಿಯಿಂದ ಕಟ್ಟಡದೊಳಕ್ಕೆ.

ಶಟ್‌ಆಫ್ ವಾಲ್ವ್ ಬಿಗಿಯಾಗಿ ಮುಚ್ಚುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಹಿಡಿಕೆ ಅಡ್ಡಕ್ಕೆ ಬಂದರೆ ವಾಲ್ವ್ ಮುಚ್ಚಿತು ಎಂದೇ ನಾವೆಲ್ಲ ನಂಬುತ್ತೇವೆ. ಚೆಕ್ ವಾಲ್ವ್ ಪರೀಕ್ಷೆ ಪೂರ್ತಿ ನಿಂತಿರುವುದು ಈ ನಂಬಿಕೆಯ ಮೇಲೆ. ಗೇಜ್ ತೋರಿಸುವ ಅಂಕಿಗೆ ಅರ್ಥ ಬರುವುದು ಸಾಧನದೊಳಗೆ ನೀರು ಚಲಿಸದೆ ನಿಂತಿದ್ದಾಗ ಮಾತ್ರ. ನೀರು ಹರಿಯುತ್ತಿದ್ದರೆ ಚೆಕ್ ವಾಲ್ವ್ ಮುಚ್ಚಿರುವುದೇ ಇಲ್ಲ, ತೆರೆದುಕೊಂಡು ನೀರು ಬಿಡುತ್ತಿರುತ್ತದೆ. ಸ್ಪ್ರಿಂಗ್ ಇರುವುದರಿಂದ ಆಗಲೂ ಏಳೆಂಟು ಪಿಎಸ್‌ಐ ಅಂತರ ಕಾಣುತ್ತದೆ, ಮುಳ್ಳು ಕದಲದೆ ನಿಲ್ಲುತ್ತದೆ. ನೋಡಿದವರು ಬಿಗಿಯಾಗಿದೆ ಎಂದು ಬರೆದುಕೊಳ್ಳುತ್ತಾರೆ. ತೆರೆದ ಬಾಗಿಲಿನಲ್ಲಿ ಜನ ಓಡಾಡುತ್ತಿರುವಾಗ ಚಿಲಕದ ಬಿಗಿತವನ್ನು ಅಳೆದ ಹಾಗೆ.

ಶನಿವಾರದ ಪರೀಕ್ಷೆ

ಇಲ್ಲಿ ಎರಡು ದಾರಿಗಳಿದ್ದವು. ಅನುಮಾನ ಇಷ್ಟು ಬಲವಾಗಿರುವಾಗ ನೇರವಾಗಿ ಎರಡನೆಯ ಶಟ್‌ಆಫ್ ವಾಲ್ವ್ ಬದಲಿಸಿ ಮತ್ತೆ ಪರೀಕ್ಷಿಸುವುದು ಒಂದು. ಏನನ್ನೂ ಬಿಚ್ಚದೆ ಮೊದಲು ಸಾಬೀತು ಮಾಡುವುದು ಇನ್ನೊಂದು. ಎರಡು ರಿಪೇರಿಗಳ ಬಿಲ್ಲು ಮೇಜಿನ ಮೇಲೆ ಕಾದಿರುವಾಗ ಮೂರನೆಯ ಊಹೆಗೆ ಹಣ ಕೊಡಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಕಟ್ಟಡ ಬಹುಮಟ್ಟಿಗೆ ಖಾಲಿಯಿರುವ ಶನಿವಾರಕ್ಕೆ ಸಮಯ ಗೊತ್ತುಮಾಡಿ, ಈ ಕೆಲಸದಲ್ಲೇ ತಲೆ ನರೆಸಿಕೊಂಡ ಪರೀಕ್ಷಕಿಯೊಬ್ಬರನ್ನು ಕರೆಸಿದೆವು.

ಅವರು ಬಂದವರೇ ಹೋಸ್ ಸಿಕ್ಕಿಸಲಿಲ್ಲ. ಟೆಸ್ಟ್ ಕಾಕ್‌ಗಳನ್ನು ಒಂದೊಂದಾಗಿ ತೆರೆದು ಕಸ ಹೊರಹಾಕಿದರು, ನಂತರ ಎರಡನೆಯ ಮತ್ತು ಮೂರನೆಯ ಕಾಕ್‌ಗಳಿಗೆ ಹೋಸ್ ಜೋಡಿಸಿ ಗಾಳಿ ಪೂರ್ತಿ ಹೋಗುವವರೆಗೆ ನೀರು ಬಿಟ್ಟರು. ಎರಡನೆಯ ಶಟ್‌ಆಫ್ ಮುಚ್ಚಿದರು. ಆಮೇಲೆ ಮಾಡಿದ್ದು ಹಿಂದಿನ ಯಾರೂ ಮಾಡದ ಕೆಲಸ. ಕೆಳಮಹಡಿಯ ನಲ್ಲಿಯೊಂದನ್ನು ಬೇಕೆಂದೇ ತೆರೆದಿಡಿಸಿದರು. ಶಟ್‌ಆಫ್ ಸೋರುತ್ತಿದ್ದರೆ ಆಚೆ ಒತ್ತಡ ಇಳಿದಷ್ಟೂ ಅದರ ಸೋರಿಕೆ ಎದ್ದು ಕಾಣಬೇಕು ಎಂಬುದು ಅವರ ಲೆಕ್ಕ.

ಗೇಜಿನ ಮೂರನೆಯ ಹೋಸನ್ನು ನಾಲ್ಕನೆಯ ಟೆಸ್ಟ್ ಕಾಕ್‌ಗೆ ಜೋಡಿಸಿ, ಎರಡನೆಯ ಚೆಕ್ ವಾಲ್ವ್‌ನ ಬೆನ್ನ ಮೇಲೆ ನಗರದ ಒತ್ತಡವನ್ನು ಹೇರಿದರು. ಎಲ್ಲ ಪರೀಕ್ಷಕರೂ ಮಾಡುವ ಹೆಜ್ಜೆ ಇದು. ಮುಳ್ಳು ಕದಲಲಿಲ್ಲ. ಹಿಂದಿನ ಮೂರು ವರದಿಗಳು ‘ಬಿಗಿಯಾಗಿದೆ’ ಎಂದು ಬರೆದುಕೊಂಡು ಮುಂದಕ್ಕೆ ಹೋದದ್ದು ಇಲ್ಲಿಂದಲೇ. ಅವರು ಮುಂದಕ್ಕೆ ಹೋಗದೆ ಎರಡನೆಯ ಟೆಸ್ಟ್ ಕಾಕನ್ನು ಮುಚ್ಚಿದರು.

ಆ ಒಂದು ತಿರುವಿನ ಅರ್ಥ ಹೀಗೆ. ಕಾಕ್ ಮುಚ್ಚಿದ ಮೇಲೆ ಗೇಜಿನ ಮೇಲ್ಬದಿಗೆ, ಅಂದರೆ ಹೆಚ್ಚಿನ ಒತ್ತಡ ಅಳೆಯುವ ಬದಿಗೆ, ನಗರದ ಒತ್ತಡದ ಸಂಪರ್ಕ ತಪ್ಪುತ್ತದೆ, ಅದಕ್ಕೆ ಸಂಬಂಧ ಉಳಿಯುವುದು ನಾಲ್ಕನೆಯ ಕಾಕ್‌ನ ಜೊತೆ ಮಾತ್ರ. ಎರಡನೆಯ ಶಟ್‌ಆಫ್ ಬಿಗಿಯಾಗಿದ್ದರೆ ಅಲ್ಲಿ ಸಿಕ್ಕಿಕೊಂಡ ಒತ್ತಡ ಹಾಗೆಯೇ ನಿಲ್ಲುತ್ತದೆ, ಮುಳ್ಳೂ ನಿಲ್ಲುತ್ತದೆ. ಶಟ್‌ಆಫ್ ಮೂಲಕ ನೀರು ಕಟ್ಟಡದೊಳಕ್ಕೆ ನುಸುಳುತ್ತಿದ್ದರೆ ಮುಳ್ಳು ಇಳಿಯುತ್ತದೆ. ಕಟ್ಟಡದಿಂದ ಒತ್ತಡ ಹಿಂದಕ್ಕೆ ನುಸುಳುತ್ತಿದ್ದರೆ ಏರುತ್ತದೆ. ನಾವು ನೋಡುತ್ತಿರುವಂತೆಯೇ ಮುಳ್ಳು ಜಾರಿ ಸೊನ್ನೆಗೆ ಹೋಗಿ ಕುಳಿತಿತು.

ಅಲ್ಲಿಗೆ ಹಿಂದಿನ ಎಲ್ಲ ಅಂಕಿಗಳೂ ಹರಿವಿನ ಅಂಕಿಗಳಾದವು. ಗೇಜಿನ ಸಣ್ಣ ಹೋಸ್ ನಾಲ್ಕನೆಯ ಕಾಕ್‌ಗೆ ತಂದ ನೀರು ಚೆಕ್ ವಾಲ್ವ್‌ನ ಬೆನ್ನನ್ನು ಒತ್ತುವ ಬದಲು ಸೋರುವ ಶಟ್‌ಆಫ್ ಮೂಲಕ ಕಟ್ಟಡಕ್ಕೆ ಹೋಗುತ್ತಿತ್ತು. ಪರೀಕ್ಷೆ ಮುಂದುವರಿದಂತೆ ಮೇಲೆ ಜನ ನಲ್ಲಿ ತಿರುಗಿಸಿ ಒತ್ತಡ ಇಳಿಯುತ್ತಿತ್ತು, ಸೋರಿಕೆ ಇನ್ನೂ ಹೆಚ್ಚುತ್ತಿತ್ತು. ಎರಡನೆಯ ಚೆಕ್ ವಾಲ್ವ್ ಮೇಲೆ ಪರೀಕ್ಷೆಯ ಒತ್ತಡ ಬಿದ್ದೇ ಇರಲಿಲ್ಲ. ರಾತ್ರಿ ಪಾಳಿಯವರ ಪ್ರಯೋಗ ದಾರಿ ತಪ್ಪಿಸಿದ್ದೂ ಇದೇ ಕಾರಣಕ್ಕೆ. ಅವರು ಶಟ್‌ಆಫ್ ಮುಚ್ಚಿದಾಗ ಚೆಲ್ಲುವುದು ನಿಲ್ಲಬೇಕಿತ್ತು. ಮುಚ್ಚಿದ ವಾಲ್ವ್ ಸೋರುತ್ತಿದ್ದುದರಿಂದ ಕಡಿಮೆಯಾಯಿತಷ್ಟೆ. ‘ಕಡಿಮೆಯಾಯಿತು’ ಎಂಬ ಉತ್ತರಕ್ಕೆ ಕೋಷ್ಟಕದಲ್ಲಿ ಸಾಲು ಇರಲಿಲ್ಲ, ಅದನ್ನು ‘ನಿಲ್ಲಲಿಲ್ಲ’ ಎಂದು ಓದಿಕೊಂಡರು. ಇಡೀ ಪ್ರಕರಣದಲ್ಲಿ ಸತ್ಯಕ್ಕೆ ಅತಿ ಹತ್ತಿರ ಬಂದಿದ್ದವರು ಅವರೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ನಲ್ಲಿ ತೆರೆದಾಗ ಚೆಲ್ಲುವುದು ನಿಂತದ್ದು ಯಾವುದನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಮೊದಲ ಚೆಕ್ ವಾಲ್ವ್ ಸೋರುತ್ತಿದ್ದರೂ ಎರಡನೆಯದು ಸೋರುತ್ತಿದ್ದರೂ ನಲ್ಲಿ ತೆರೆದರೆ ನಡುಕೋಣೆಯ ಒತ್ತಡ ಇಳಿದೇ ಇಳಿಯುತ್ತದೆ.

ಶಟ್‌ಆಫ್ ಸೋರುತ್ತಿರುವಾಗ ಚೆಕ್ ವಾಲ್ವ್‌ಗಳನ್ನು ಪರೀಕ್ಷಿಸುವುದು ಹೇಗೆ? ಪರೀಕ್ಷಕಿ ತಮ್ಮ ಪೆಟ್ಟಿಗೆಯಿಂದ ದಪ್ಪನೆಯ ಬೇರೊಂದು ಹೋಸ್ ತೆಗೆದು ಒಂದನೆಯ ಟೆಸ್ಟ್ ಕಾಕ್‌ನಿಂದ ನಾಲ್ಕನೆಯದಕ್ಕೆ ಬೈಪಾಸ್ ಕೊಟ್ಟರು. ತೆರೆದಿದ್ದ ನಲ್ಲಿಯನ್ನು ಮುಚ್ಚಿಸಿದರು. ಇನ್ನು ಶಟ್‌ಆಫ್ ಮೂಲಕ ಎಷ್ಟು ನೀರು ಸೋರಿದರೂ ಅಷ್ಟನ್ನೂ ಈ ಹೋಸ್ ಪೂರೈಸುತ್ತದೆ, ಚೆಕ್ ವಾಲ್ವ್‌ಗಳ ಮೂಲಕ ಹರಿಯಬೇಕಾದ ಅಗತ್ಯವಿಲ್ಲ. ಸಾಧನದೊಳಗೆ ನೀರು ನಿಂತಿತು. ಹೋಸ್ ಪೂರೈಸುವುದಕ್ಕಿಂತ ಸೋರಿಕೆ ದೊಡ್ಡದಾಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಶಟ್‌ಆಫ್ ಅನ್ನು ಮೊದಲು ರಿಪೇರಿ ಮಾಡಲೇಬೇಕಾಗುತ್ತದೆ. ಶನಿವಾರ ಆದದ್ದರಿಂದ ಇಲ್ಲಿ ನಡೆಯಿತು.

ಮೊದಲ ಚೆಕ್ ವಾಲ್ವ್ 7.4ರಲ್ಲಿ ನಿಂತಂತೆ ಕಂಡಿತು, ಆದರೆ ಕ್ಷಣಮಾತ್ರ. ಮುಳ್ಳು ಇಳಿಯತೊಡಗಿತು. 6, 5, 4, ಆಮೇಲೆ 2.6ರ ಹತ್ತಿರ ಬಂದಾಗ ರಿಲೀಫ್ ವಾಲ್ವ್ ಹನಿಯಿತು. ನಡುಕೋಣೆಯ ಕಡೆಯ ಹೋಸನ್ನು ಬಿಟ್ಟು ಒತ್ತಡ ಇಳಿಸಿ ಮುಳ್ಳನ್ನು ಮತ್ತೆ ಮೇಲಕ್ಕೆ ತಂದರು. ಮತ್ತೆ ಇಳಿಯಿತು, ಮತ್ತೆ ಹನಿಯಿತು. ಇಲ್ಲಿ ಮತ್ತೊಂದು ಅಡ್ಡದಾರಿ ಇತ್ತು. ಅಂತರ ಕುಸಿಯುತ್ತಿರುವುದು ಮೊದಲ ಚೆಕ್ ವಾಲ್ವ್ ಸೋರುತ್ತಿರುವುದರಿಂದಲೂ ಇರಬಹುದಲ್ಲ? ಅವರು ಬೈಪಾಸ್ ಹೋಸ್ ಮುಚ್ಚಿ, ನಾಲ್ಕನೆಯ ಕಾಕ್‌ನ ಒತ್ತಡವನ್ನು ಹೊರಬಿಟ್ಟು, ಕಾಕನ್ನು ಮುಚ್ಚಿ ನೋಡಿದರು. ಎರಡನೆಯ ಚೆಕ್ ವಾಲ್ವ್‌ನ ಬೆನ್ನಿನ ಮೇಲೆ ಒತ್ತಡ ಇಲ್ಲದಿರುವಾಗ ಮುಳ್ಳು ಕುಸಿಯಲಿಲ್ಲ. ಒತ್ತಡ ಕೊಟ್ಟಾಗ ಕುಸಿಯಿತು. ದೋಷ ಎರಡನೆಯದರಲ್ಲೇ. ಶಟ್‌ಆಫ್ ಸೋರುವಾಗ ಈ ಕೊನೆಯ ಹೋಲಿಕೆಯೊಂದರಿಂದಲೇ ಮೊದಲನೆಯದು ನಿರಪರಾಧಿ ಎಂದು ತೀರ್ಮಾನಿಸಲು ಬರುವುದಿಲ್ಲ. ಅದರ ಅಂತಿಮ ಅಂಕಿಯನ್ನು ಶಟ್‌ಆಫ್ ರಿಪೇರಿಯಾದ ಮೇಲೆಯೇ ಬರೆಯುತ್ತೇನೆ ಎಂದು ಅವರು ಕಾಲಂ ಖಾಲಿ ಬಿಟ್ಟರು. ಇಷ್ಟೆಲ್ಲ ಆದ ಮೇಲೂ ಒಂದು ಕಾಲಂ ಖಾಲಿ ಬಿಡುವ ತಾಳ್ಮೆ ನನಗೆ ಹಿಡಿಸಿತು.

ಬಿಚ್ಚಿದಾಗ ಎರಡನೆಯ ಚೆಕ್ ವಾಲ್ವ್‌ನ ರಬ್ಬರ್ ಬಿಲ್ಲೆಯಲ್ಲಿ ಸೀಟಿನ ಅಚ್ಚು ಆಳವಾಗಿ ಕೂತಿತ್ತು, ಅಂಚಿನಲ್ಲಿ ಉಗುರಿನ ತುಂಡಿನಷ್ಟು ತಾಮ್ರದ ಚೂರು ನಾಟಿಕೊಂಡಿತ್ತು. ಹಿಂದೆ ಯಾವಾಗಲೋ ಕೊಳವೆ ಕತ್ತರಿಸಿದಾಗ ಉಳಿದದ್ದಿರಬೇಕು. ಬಿಲ್ಲೆಯನ್ನು ಮಗುಚಿ ಹಾಕಿದರೆ ಸಾಲದೇ ಎಂದು ವ್ಯವಸ್ಥಾಪಕರು ಕೇಳಿದರು. ಅದು ಅನೇಕರು ಮಾಡುವ ಕೆಲಸವೂ ಹೌದು. ಆದರೆ ಅಚ್ಚು ಅಷ್ಟು ಆಳಕ್ಕೆ ಇಳಿದಿದೆ ಎಂದರೆ ಹಿಂದಿನಿಂದ ಸಾಕಷ್ಟು ಬಲವಾಗಿ ಒತ್ತಡ ಬಿದ್ದಿದೆ ಎಂದು ಪರೀಕ್ಷಕಿ ತಯಾರಕರ ಹೊಸ ಕಿಟ್ಟನ್ನೇ ಹಾಕಿಸಿದರು. ಶಟ್‌ಆಫ್ ಬಾಲ್ ವಾಲ್ವ್‌ನ ಒಳಸೀಟು ಒಂದು ಬದಿಯಲ್ಲಿ ಸವೆದುಹೋಗಿತ್ತು. ಯಂತ್ರಕೋಣೆಯ ಹಳೆಯ ಫೋಟೊ ಒಂದರಲ್ಲಿ ಅದರ ಹಿಡಿಕೆ ಅರ್ಧ ತಿರುಗಿದ ಸ್ಥಿತಿಯಲ್ಲಿ ಕಾಣುತ್ತದೆ. ಕೊಳವೆಯ ಸದ್ದು ತಗ್ಗಿಸಲು ಯಾರೋ ಹಾಗೆ ಇಟ್ಟಿದ್ದರೆಂದು ಹಳಬರೊಬ್ಬರು ನೆನಪಿಸಿಕೊಂಡರು. ಬಾಲ್ ವಾಲ್ವ್ ಇರುವುದು ಪೂರ್ತಿ ತೆರೆಯಲು, ಇಲ್ಲವೇ ಪೂರ್ತಿ ಮುಚ್ಚಲು. ಅರ್ಧಕ್ಕೆ ಬಿಟ್ಟರೆ ರಭಸದ ನೀರು ಸೀಟನ್ನೇ ತಿನ್ನುತ್ತದೆ.

ಹೊಸ ಶಟ್‌ಆಫ್, ಹೊಸ ಬಿಲ್ಲೆ. ಈಗ ಎರಡನೆಯ ಕಾಕ್ ಮುಚ್ಚಿದರೂ ಮುಳ್ಳು ಅಲುಗಲಿಲ್ಲ. ಮೊದಲ ಚೆಕ್ ವಾಲ್ವ್ 7.6, ರಿಲೀಫ್ 2.6, ಎರಡನೆಯದು ನಿಜವಾಗಿ ಬಿಗಿ.

ಎರಡನೆಯ ರಾತ್ರಿ

ಮೊದಲ ರಾತ್ರಿ ನೆಲ ಒಣಗಿತ್ತು. ಎರಡನೆಯ ರಾತ್ರಿ ಯಂತ್ರಕೋಣೆಯ ಇನ್ನೊಂದು ಮೂಲೆಯಿಂದ ದೂರು ಬಂತು. ವಾಟರ್ ಹೀಟರಿನ ಮೇಲಿನ ಸುರಕ್ಷತಾ ವಾಲ್ವ್ ಹನಿಯುತ್ತಿದೆ ಎಂದು. ಈ ವಾಲ್ವ್ 150 ಪಿಎಸ್‌ಐಗೆ ತೆರೆಯುವಂಥದು. ನಗರದ ಒತ್ತಡ 62 ಇರುವ ಕಟ್ಟಡದಲ್ಲಿ ಅಷ್ಟು ಒತ್ತಡ ಎಲ್ಲಿಂದ ಬಂತು?

ಬಿಸಿನೀರಿನಿಂದ. 20 ಡಿಗ್ರಿಯ ನೀರನ್ನು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಗಾತ್ರ ಸುಮಾರು ಶೇಕಡಾ 1.5 ಹಿಗ್ಗುತ್ತದೆ. 400 ಲೀಟರಿನ ಹೀಟರ್ ಎಂದರೆ 6 ಲೀಟರ್ ಹೆಚ್ಚುವರಿ ನೀರು. ಆರ್‌ಪಿ ಇಲ್ಲದ ಕಟ್ಟಡದಲ್ಲಿ ಅದು ನಗರದ ಕೊಳವೆಗೆ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಆರ್‌ಪಿ ಇದ್ದರೆ ಆ ದಾರಿ ಮುಚ್ಚಿರುತ್ತದೆ, ಅದಕ್ಕೇ ಹೀಟರಿನ ಪಕ್ಕ ವಿಸ್ತರಣಾ ತೊಟ್ಟಿ ಇಡುತ್ತಾರೆ. ಒಳಗಿನ ರಬ್ಬರ್ ಚೀಲದ ಆಚೆ ಗಾಳಿ ತುಂಬಿರುತ್ತದೆ, ನೀರು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಬಿಡುತ್ತದೆ. ಇಲ್ಲಿನ ತೊಟ್ಟಿಯ ಗಾಳಿ ತುಂಬುವ ನಾಳವನ್ನು ಒತ್ತಿದಾಗ ಗಾಳಿಯ ಬದಲು ನೀರು ಬಂತು. ಚೀಲ ಹರಿದು ತೊಟ್ಟಿ ಪೂರ್ತಿ ನೀರಿನಿಂದ ತುಂಬಿತ್ತು. ಎಷ್ಟು ಕಾಲದಿಂದ ಹಾಗಿತ್ತೋ.

ಅಲ್ಲಿಗೆ ಇಡೀ ಚಿತ್ರ ತಿರುಗಿ ನಿಂತಿತು. ರಾತ್ರಿ ಯಾರೂ ನೀರು ಬಳಸದ ಹೊತ್ತಿನಲ್ಲಿ ಹೀಟರ್ ಕಾಯುತ್ತಿತ್ತು, ಹಿಗ್ಗಿದ ನೀರು ಹೋಗಲು ಜಾಗವಿಲ್ಲದೆ ಹಿಂದಕ್ಕೆ ತಳ್ಳುತ್ತಿತ್ತು, ಸೋರುವ ಎರಡನೆಯ ಚೆಕ್ ವಾಲ್ವ್ ಅದನ್ನು ನಡುಕೋಣೆಗೆ ಬಿಡುತ್ತಿತ್ತು, ಅಲ್ಲಿಂದ ರಿಲೀಫ್ ವಾಲ್ವ್ ನೆಲಕ್ಕೆ ಚೆಲ್ಲುತ್ತಿತ್ತು. ಕೆಟ್ಟ ಚೆಕ್ ವಾಲ್ವ್ ಕೆಟ್ಟ ತೊಟ್ಟಿಯ ಕೆಲಸವನ್ನು ತಾನು ಮಾಡಿ ಅದರ ದೋಷವನ್ನು ಮುಚ್ಚಿಟ್ಟಿತ್ತು. ಚೆಕ್ ವಾಲ್ವ್ ಸರಿಯಾದದ್ದೇ ಹಿಗ್ಗುವ ನೀರಿಗಿದ್ದ ಕೊನೆಯ ದಾರಿಯೂ ಮುಚ್ಚಿತು. ಇಡೀ ಆರ್‌ಪಿ ಬದಲಿಸುವ ಅಂದಾಜು ಪಟ್ಟಿಗೆ ಒಪ್ಪಿಗೆ ಸಿಕ್ಕಿದ್ದರೂ ಆಗುತ್ತಿದ್ದುದು ಇದೇ. ಹೊಸ ಆರ್‌ಪಿ ಬಂದ ಮರುದಿನವೋ ಅದರ ಮರುದಿನವೋ ಹೀಟರ್ ಹನಿಯುತ್ತಿತ್ತು, ಹೊಸ ಸಾಧನವೇ ಸರಿಯಿಲ್ಲ ಎಂದು ಜಗಳ ಮುಂದುವರಿಯುತ್ತಿತ್ತು.

ಗರಿಷ್ಠ ಒತ್ತಡವನ್ನು ಹಿಡಿದಿಡುವ ಎರಡು ಮುಳ್ಳಿನ ಗೇಜನ್ನು ಆ ರಾತ್ರಿ ಹೀಟರಿನ ಸಾಲಿಗೆ ಸಿಕ್ಕಿಸಿದ್ದೆವು. ಬೆಳಗ್ಗೆ ಅದು 140 ದಾಟಿತ್ತು. ಹೊಸ ತೊಟ್ಟಿಗೆ 62 ಪಿಎಸ್‌ಐ ಗಾಳಿ ತುಂಬಿ ಕೂರಿಸಿದ ಮೇಲೆ 70ರ ಆಸುಪಾಸಿನಲ್ಲಿ ನಿಂತಿತು.

ಬಿಲ್ಲು, ವರದಿ, ಉಳಿದ ತಕರಾರು

ಗುತ್ತಿಗೆದಾರರು ಕೊನೆಯವರೆಗೂ ಒಂದು ವಾದ ಹಿಡಿದಿದ್ದರು: ಆರ್‌ಪಿ ತನ್ನ ಕೆಲಸ ಮಾಡಿದೆ, ನಗರದ ನೀರಿಗೆ ಒಂದು ತೊಟ್ಟೂ ಹಿಂದೆ ಹೋಗಿಲ್ಲ. ಆ ಮಾತು ನಿಜ. ನೀರು ನಡುಕೋಣೆಯವರೆಗೆ ಬಂದು ನೆಲಕ್ಕೆ ಚೆಲ್ಲಿತೇ ಹೊರತು ಮೊದಲ ಚೆಕ್ ವಾಲ್ವ್ ದಾಟಲಿಲ್ಲ. ಆದರೆ ಆರ್‌ಪಿಯ ಯೋಜನೆಯಲ್ಲಿ ಮೂರು ತಡೆಗಳಿವೆ: ಎರಡು ಚೆಕ್ ವಾಲ್ವ್, ಒಂದು ರಿಲೀಫ್ ವಾಲ್ವ್. ಒಂದು ಬಿದ್ದರೂ ಎರಡು ನಿಂತಿರಲಿ ಎಂದೇ ಅಷ್ಟು ಖರ್ಚು ಮಾಡುತ್ತಾರೆ. ಒಂದು ಬಿದ್ದಿರುವ ಸಾಧನಕ್ಕೆ ಮೂರು ಸಲ ಪಾಸ್ ಎಂದು ಸಹಿ ಬಿದ್ದದ್ದನ್ನು ಸಾಧನದ ಒಳ್ಳೆಯತನದಿಂದ ಸಮರ್ಥಿಸಲಾಗದು.

ಹಾಗೆಂದು ಎಲ್ಲ ಹೊಣೆಯನ್ನು ಪರೀಕ್ಷಕರ ಮೇಲೆ ಹೇರುವುದನ್ನೂ ನಾನು ಒಪ್ಪಲಿಲ್ಲ. ಬಳಕೆಯಲ್ಲಿರುವ ಕಟ್ಟಡದಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಎನ್ನುವವರು ಆ ಇಪ್ಪತ್ತು ನಿಮಿಷಕ್ಕೆ ತಕ್ಕ ಉತ್ತರವನ್ನೇ ಪಡೆಯುತ್ತಾರೆ. ನನ್ನ ವರದಿಯಲ್ಲಿ ಮೊದಲ ಚೆಕ್ ವಾಲ್ವ್‌ನ ರಿಪೇರಿಯನ್ನು ಆ ಹೊತ್ತಿನ ಲಕ್ಷಣಗಳಿಗೆ ತಕ್ಕ ನಿರ್ಧಾರ ಎಂದು ಬರೆದೆ. ರಿಲೀಫ್ ವಾಲ್ವ್‌ನ ರಿಪೇರಿಯನ್ನು ಹಾಗೆ ಬರೆಯಲಾಗಲಿಲ್ಲ. ಮೊದಲ ರಿಪೇರಿ ಫಲ ಕೊಡದಿದ್ದಾಗ ಮುಂದಿನ ಭಾಗ ಬಿಚ್ಚುವ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಬೇಕಿತ್ತು, ಗುಂಡಿ ಹೆಚ್ಚು ತಿರುಗಿಸಬೇಕಾಯಿತು ಎಂಬುದು ಷರಾ ಕಾಲಂಗೆ ಬರಬೇಕಿತ್ತು. ಎರಡನೆಯ ಬಿಲ್ಲಿನಲ್ಲಿ ಇಬ್ಬರೂ ಅರ್ಧರ್ಧ ಹಂಚಿಕೊಂಡರೆಂದು ಆಮೇಲೆ ತಿಳಿಯಿತು.

ಶನಿವಾರದ ಪರೀಕ್ಷೆಯನ್ನು ಪರೀಕ್ಷಕಿ ಮೊದಲು ಫೇಲ್ ಎಂದು, ರಿಪೇರಿಯ ನಂತರ ಪಾಸ್ ಎಂದು ಎರಡನ್ನೂ ಸೇರಿಸಿಯೇ ಇಲಾಖೆಗೆ ಕಳುಹಿಸಿದರು. ಷರಾದಲ್ಲಿ ಎರಡನೆಯ ಶಟ್‌ಆಫ್ ಸೋರುತ್ತಿದ್ದುದನ್ನೂ ಬೈಪಾಸ್ ಬಳಸಿದ್ದನ್ನೂ ಬರೆದರು. ವ್ಯವಸ್ಥಾಪಕರಿಗೆ ಇದು ಹಿಡಿಸಲಿಲ್ಲ. ಫೇಲ್ ಎನ್ನುವ ಪದ ಕಡತದಲ್ಲಿ ಯಾಕೆ ಇರಬೇಕು, ಕೊನೆಗೆ ಪಾಸಾಯಿತಲ್ಲ ಎಂದು ಕೇಳಿದರು. ಮುಂದಿನ ಸಲ ಬರುವವರಿಗೆ ಈ ಕಟ್ಟಡದ ಬಗ್ಗೆ ಉಪಯೋಗಕ್ಕೆ ಬರುವ ಒಂದೇ ಪದ ಅದು ಎಂದು ಅವರು ಉತ್ತರಿಸಿ ಸಹಿ ಹಾಕಿದರು.

ಈಗ ಅಲ್ಲಿ ವಾರ್ಷಿಕ ಪರೀಕ್ಷೆ ಶನಿವಾರವೇ ನಡೆಯುತ್ತದೆ. ಎರಡನೆಯ ಶಟ್‌ಆಫ್ ಬಿಗಿಯಾಗಿದೆಯೇ ಎಂಬುದಕ್ಕೆ ಕೆಲಸದ ಆದೇಶದಲ್ಲೇ ಒಂದು ಸಾಲು ಸೇರಿದೆ. ಎರಡು ಮುಳ್ಳಿನ ಗೇಜ್ ಹೀಟರಿನ ಸಾಲಿನಲ್ಲಿ ಕಾಯಂ ಆಗಿ ಉಳಿದಿದೆ. ಪಕ್ಕದಲ್ಲಿ ಇನ್ನೊಂದು ಆರ್‌ಪಿ ಕೂರಿಸಿದರೆ ನೀರು ನಿಲ್ಲಿಸದೆಯೇ ಒಂದೊಂದಾಗಿ ಪರೀಕ್ಷಿಸಬಹುದು ಎಂದು ಸೂಚಿಸಿದ್ದೆ. ಅದರ ಖರ್ಚು ಮಾಲೀಕರದೋ ಬಾಡಿಗೆದಾರರದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.